ಎಷ್ಟು ಖರ್ಚಾಯ್ತು ಅಂತ ಕೇಳೋರಿಗೆ

ಗ್ರಾಮ ಪಂಚಾಯಿತಿ ಎಲೆಕ್ಷನ್‌ಗೆ ನಿಂತಿದ್ದೆ ಅಂತ ಗೊತ್ತಾದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ ಒಂದೇ. ಎಷ್ಟು ಖರ್ಚಾಯ್ತು? ಬೆಂಗಳೂರಿನ ಗೆಳತಿಯರು ಕೇಳುತ್ತಾರೆ, ನೆಂಟರು ಕೇಳುತ್ತಾರೆ, ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದ ಹೆಂಗಸೂ ಕೇಳಿದ್ದಾರೆ. ಎರಡನೇ ಪ್ರಶ್ನೆ, ಗೆದ್ರಾ? ಅಲ್ಲಿಗೆ ಮಾತು ಮುಗಿಯಿತು. ಏನು ಮಾಡಬೇಕು ಅಂತ ನಿಂತಿದ್ರಿ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.

ಬೇಜಾರೇನಿಲ್ಲ. ಬೇರೆ ಯಾರಾದರೂ ನಿಂತಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆನೇನೋ. ದುಡ್ಡಿನ ಉತ್ತರ ಕೊಡುವುದೂ ಕಷ್ಟವಲ್ಲ. ಠೇವಣಿ 200 ರೂಪಾಯಿ, ಹೆಂಗಸರಿಗೆ ಅರ್ಧ. ಕರಪತ್ರ, ಬೈಕಿಗೆ ಪೆಟ್ರೋಲು, ಮನೆಗೆ ಬಂದುಹೋದವರಿಗೆ ಕಾಫಿ, ಜೊತೆಗೆ ಓಡಾಡಿದ ಹುಡುಗರಿಗೆ ಊಟ. ಇದಿಷ್ಟೇ ಅಂದರೆ ಕೇಳಿದವರು ನಂಬುವುದಿಲ್ಲ. ನಂಬದೇ ಇರುವುದಕ್ಕೆ ಕಾರಣವೂ ಇದೆ. ಆಗ ತಿಂಗಳಿಗೆ ಸಾವಿರ ರೂಪಾಯಿ ಗೌರವಧನ ಬರುತ್ತಿದ್ದ ಮೆಂಬರ್ ಕುರ್ಚಿಗೆ ಲಕ್ಷಗಟ್ಟಲೆ ಸುರಿಯುವವರನ್ನು ಅವರೂ ನೋಡಿದ್ದಾರೆ, ನಾನೂ ನೋಡಿದ್ದೇನೆ. ಆದರೆ ದುಡ್ಡಿನ ಲೆಕ್ಕ ಹೇಳಿ ಮುಗಿಸಿದ ಮೇಲೂ ಏನೋ ಬಾಕಿ ಉಳಿದ ಹಾಗೆ ಅನಿಸುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

2020ರ ಚುನಾವಣೆ ಅದು. ಮಾಸ್ಕ್ ಹಾಕಿಕೊಂಡು ಓಟು ಕೇಳಿದ ವರ್ಷ. ಲಾಕ್‌ಡೌನ್ ಆದಾಗ ಬೆಂಗಳೂರಿಂದ ತುಮಕೂರು ಕಡೆಯ ನಮ್ಮನೆಯವರ ಊರಿಗೆ ಬಂದವರು, ಮತ್ತೆ ವಾಪಸ್ ಹೋಗಲಿಲ್ಲ. ನನ್ನ ಓಟು ಮದುವೆಯಾದಾಗಿನಿಂದ ಊರಲ್ಲೇ ಇತ್ತು. ನಮ್ಮ ವಾರ್ಡಿಗೆ ಮೂರು ಸ್ಥಾನ, ಅದರಲ್ಲಿ ಒಂದು ಸಾಮಾನ್ಯ ಮಹಿಳೆ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರು ಅನ್ನುವುದು ನಮ್ಮ ರಾಜ್ಯದ ಲೆಕ್ಕ. ಅಂದರೆ ನಮ್ಮ ವಾರ್ಡಿನಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ಯಾರ ಮನೆ ನಾಯಿ ಯಾರನ್ನು ಕಚ್ಚಿತ್ತು ಅನ್ನುವುದೂ ಗೊತ್ತು.

ಕಟ್ಟೆಯ ಮೇಲಿನ ಮಾತುಕತೆ

ನಾಮಪತ್ರ ಹಾಕುವ ದಿನ ಏನೂ ಅನಿಸಲಿಲ್ಲ. ಸೂಚಕರ ಸಹಿ, ಜಾತಿ, ಆಸ್ತಿ, ಕೇಸು ಇದೆಯಾ ಇಲ್ಲವಾ, ಎಲ್ಲ ತುಂಬಿ ಕೊಟ್ಟು ಬಂದೆ. ನಿಜವಾದ ಎಲೆಕ್ಷನ್ ಶುರುವಾಗುವುದು ನಾಮಪತ್ರ ವಾಪಸ್ ತೆಗೆಯುವ ದಿನದ ಹಿಂದಿನ ಸಂಜೆ.

ಆವತ್ತು ಅರಳಿಕಟ್ಟೆಗೆ ಕರೆ ಬಂತು. ನನಗಲ್ಲ, ನಮ್ಮನೆಯವರಿಗೆ. ನಾನೂ ಹೋದೆ. ನಾನು ಬಂದಿದ್ದು ನೋಡಿ ಹಿರಿಯರೊಬ್ಬರು ಸ್ವಲ್ಪ ಸರಿದು ಕೂತರು, ಆದರೆ ಮಾತು ಪೂರ್ತಿ ಆಡಿದ್ದು ನಮ್ಮನೆಯವರ ಮುಖ ನೋಡಿಕೊಂಡೇ. "ಊರು ಯಾಕಪ್ಪ ಎರಡು ಗುಂಪಾಗ್ಬೇಕು? ದೇವಸ್ಥಾನದ ಗೋಪುರದ ಕೆಲಸ ಅರ್ಧಕ್ಕೆ ನಿಂತೈತೆ. ಅವ್ರು ಅದನ್ನ ಮುಗಿಸಿಕೊಡ್ತೀವಿ ಅಂತಾವ್ರೆ. ಈ ಸಲ ನೀವು ವಾಪಸ್ ತಗೊಂಡುಬಿಡಿ, ಮುಂದಿನ ಸಲ ನಿಮಗೇ ಬಿಟ್ಟುಕೊಡೋಣ." ಅವರು ಅಂದರೆ ನನ್ನ ಎದುರಿಗೆ ನಿಂತಾಕೆಯ ಗಂಡ. ಆಕೆ ಅಲ್ಲಿಗೆ ಬಂದಿರಲಿಲ್ಲ.

ಆ ವರ್ಷ ಬಳ್ಳಾರಿ, ಕಲಬುರಗಿ ಕಡೆ ಸ್ಥಾನಗಳನ್ನು ಹರಾಜು ಹಾಕಿದ ಸುದ್ದಿ ಪೇಪರುಗಳಲ್ಲಿ ಬಂದಿತ್ತು. ಕ್ರಮ ತಗೊಳ್ಳಿ ಅಂತ ಚುನಾವಣಾ ಆಯೋಗ ಜಿಲ್ಲಾಧಿಕಾರಿಗಳಿಗೆ ಬರೆದಿತ್ತು. ನಮ್ಮೂರಲ್ಲಿ ಹರಾಜು ಅಂತ ಯಾರೂ ಕರೆಯಲಿಲ್ಲ. ಕೂಗಿ ಬೆಲೆ ಕಟ್ಟಲೂ ಇಲ್ಲ. ಎಲ್ಲ ತಣ್ಣಗೆ, ಮರ್ಯಾದೆಯಿಂದ, ದೇವರ ಹೆಸರಲ್ಲಿ ನಡೆಯಿತು. ನಾನು ಬೇಡ ಅಂದರೆ ದೇವಸ್ಥಾನಕ್ಕೆ ಬೇಡ ಅಂದ ಹಾಗೆ. ಚೆನ್ನಾಗಿ ಯೋಚಿಸಿ ಹೆಣೆದ ಮಾತು ಅದು. ಅಲ್ಲಿದ್ದವರಲ್ಲಿ ಯಾರೂ ಕೆಟ್ಟವರಲ್ಲ ಅನ್ನುವುದೇ ನನಗೆ ಕಷ್ಟವಾಗಿದ್ದು. ಅರ್ಧ ಜನ ನಮ್ಮ ಮದುವೆಗೆ ಬಂದು ಅಕ್ಷತೆ ಹಾಕಿದವರು.

ಮುಂದಿನ ಸಲ ಬಿಟ್ಟುಕೊಡೋಣ ಅನ್ನುವ ಮಾತಿಗೂ ಬೆಲೆ ಇರಲಿಲ್ಲ. ಮೀಸಲಾತಿ ಪ್ರತಿ ಸಲ ಬದಲಾಗುತ್ತದೆ. ಐದು ವರ್ಷದ ನಂತರ ಆ ಸೀಟು ಯಾವ ವರ್ಗಕ್ಕೆ ಹೋಗುತ್ತದೋ ಯಾರಿಗೂ ಗೊತ್ತಿಲ್ಲ. ಅದು ಹಿರಿಯರಿಗೂ ಗೊತ್ತಿತ್ತು. ನಾನು, "ಯೋಚನೆ ಮಾಡಿ ಹೇಳ್ತೀನಿ ಮಾವ" ಅಂದು ಎದ್ದು ಬಂದೆ. ಮಾರನೇ ದಿನ ಪಂಚಾಯಿತಿ ಆಫೀಸಿನ ಕಡೆ ತಲೆ ಹಾಕಲಿಲ್ಲ. ಉತ್ತರ ಅವರಿಗೆ ತಿಳಿಯಿತು.

ರಾತ್ರಿ ಅತ್ತೆ ಒಂದು ಮಾತು ಹೇಳಿದರು. 1987ರಲ್ಲಿ ಮಂಡಲ ಪಂಚಾಯಿತಿ ಎಲೆಕ್ಷನ್ ಬಂದಾಗ, ಹೆಂಗಸರಿಗೂ ಸೀಟು ಇದೆ ಅಂತ ಊರಲ್ಲಿ ಜನ ನಕ್ಕಿದ್ದರಂತೆ. ಆಗ ನಾಲ್ಕರಲ್ಲಿ ಒಂದು ಪಾಲು ಹೆಂಗಸರಿಗೆ. ಅಬ್ದುಲ್ ನಜೀರ್ ಸಾಬರು ಮಂತ್ರಿಯಾಗಿದ್ದ ಕಾಲ. ಅತ್ತೆಗೆ ನಜೀರ್ ಸಾಬರು ನೆನಪಿರುವುದು ಬೋರ್‌ವೆಲ್ಲಿನಿಂದ. ಜನ ಅವರನ್ನು ನೀರ್ ಸಾಬ್ ಅಂತಿದ್ದರಲ್ಲ. ಊರ ಮುಂದಿನ ಕೈಪಂಪು ಅವರ ಕಾಲದ್ದು. "ಆಗ ನಗ್ತಿದ್ರು, ಈಗ ಗೋಪುರ ಕಟ್ಟಿಸಿಕೊಡ್ತೀವಿ ಅಂತಾರೆ. ಒಂದು ಮೆಟ್ಟಿಲು ಹತ್ತಿದ್ದೀವಿ ಬಿಡು" ಅಂದು ಅತ್ತೆ ದೀಪ ಆರಿಸಿದರು. ಈಗ ಅರ್ಧದಷ್ಟು ಸ್ಥಾನ ಹೆಂಗಸರಿಗೆ. ಕಟ್ಟೆಯ ಮೇಲೆ ಕೂರುವವರಲ್ಲಿ ಎಷ್ಟು ಜನ ಹೆಂಗಸರು ಅಂತ ಕೇಳಬೇಡಿ.

ಮನೆ ಬಾಗಿಲಲ್ಲಿ

ನನ್ನ ಕರಪತ್ರದಲ್ಲಿ ದೊಡ್ಡ ಮಾತೇನೂ ಇರಲಿಲ್ಲ. ಶುದ್ಧ ನೀರಿನ ಘಟಕ ಕೆಟ್ಟರೆ ವಾರದೊಳಗೆ ರಿಪೇರಿ. ವಾರ್ಡ್ ಸಭೆ ಕಾಗದದ ಮೇಲಲ್ಲ, ಕರೆದು ಮಾಡೋದು. ಪಂಚಾಯಿತಿಗೆ ಎಷ್ಟು ಅನುದಾನ ಬಂತು, ಎಲ್ಲಿ ಹೋಯಿತು ಅಂತ ಬೋರ್ಡಿನ ಮೇಲೆ ಬರೆಸೋದು. ನಮ್ಮ ಕಡೆ ಬೋರ್ ಕೊರೆದರೆ ಸಾವಿರ ಅಡಿ ಹತ್ತಿರ ಹೋಗುತ್ತದೆ, ಬಂದ ನೀರಲ್ಲಿ ಫ್ಲೋರೈಡು. ಹಾಗಾಗಿ ಐದು ರೂಪಾಯಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಆ ಘಟಕ ನಮಗೆ ಸಣ್ಣ ವಿಷಯವಲ್ಲ. ಅದು ಕೆಟ್ಟರೆ ಪಕ್ಕದೂರಿಗೆ ಬೈಕಿನಲ್ಲಿ ಕ್ಯಾನ್ ಕಟ್ಟಿಕೊಂಡು ಹೋಗಬೇಕು.

ಎಲ್ಲರೂ ತಲೆಯಾಡಿಸಿದರು. ಹೌದು ಕಣಮ್ಮ, ಆಗ್ಬೇಕು ಕಣಮ್ಮ. ಆಮೇಲೆ ಮಾತು ಬೇರೆ ಕಡೆ ಹೊರಳುತ್ತಿತ್ತು. ನನ್ನ ಮಗನಿಗೆ ಒಂದು ಮನೆ ಬರೆಸಿಕೊಡ್ತೀಯಾ? ಇ-ಖಾತೆ ಆಗಿಲ್ಲ, ವರ್ಷದಿಂದ ಓಡಾಡ್ತಿದೀನಿ, ನೋಡ್ತೀಯಾ? ನರೇಗಾದಲ್ಲಿ ದನದ ಕೊಟ್ಟಿಗೆ ಬಿಲ್ಲು ನಿಂತೈತೆ. ಇದು ಒಂದು ಮನೆಯ ಕಥೆಯಲ್ಲ. ಮನೆ ಮನೆಯಲ್ಲೂ ಮೊದಲು ಊರ ಕೆಲಸಕ್ಕೆ ತಲೆಯಾಡಿಸುವುದು, ಆಮೇಲೆ ಸ್ವಂತದ ಒಂದು ಕೆಲಸ ಒಪ್ಪಿಸುವುದು.

ಕೇರಿಯ ಕೊನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಒಬ್ಬರೇ. ಅವರ ಮನೆಗೆ ಹೋದಾಗ ಚಾಪೆ ಹಾಕಿ ಕೂರಿಸಿದರು, ಮಜ್ಜಿಗೆ ಕೊಟ್ಟರು, ನನ್ನ ಮಕ್ಕಳ ಓದು ವಿಚಾರಿಸಿದರು. ನಾನು ಕರಪತ್ರ ಕೊಟ್ಟೆ. ಅವರು ಅದನ್ನು ಮಡಿಸಿ ಪಕ್ಕಕ್ಕಿಟ್ಟು ನೇರವಾಗಿ ಹೇಳಿದರು. "ನಿನ್ನ ಹತ್ರ ಸುಳ್ಳು ಹೇಳಾಕಿಲ್ಲ ಕಣವ್ವ. ನನ್ನ ಓಟು ಅವ್ರಿಗೇ. ನನ್ನ ಪಿಂಚಣಿ ನಿಂತೋದಾಗ ಅವಳ ಗಂಡ ಗಾಡಿ ಮೇಲೆ ಕೂರಿಸ್ಕೊಂಡು ನಾಡಕಚೇರಿಗೆ ಕರ್ಕೊಂಡು ಹೋದ. ಮಧ್ಯಾಹ್ನದ ಗಂಟ ಅಲ್ಲೇ ನಿಂತಿದ್ದ. ಊಟ ಕೊಡಿಸಿದ."

ನಾನು, "ಅದು ಸರ್ಕಾರದ ದುಡ್ಡಲ್ವಾ ಅಜ್ಜಿ, ನಿಮ್ಮ ಹಕ್ಕು ಅದು. ಪಂಚಾಯಿತಿಗೂ ಅದಕ್ಕೂ ಸಂಬಂಧಾನೇ ಇಲ್ಲ" ಅಂದೆ. ಮಾತು ಸರಿಯೇ. ಪಿಂಚಣಿ ಮಂಜೂರು ಮಾಡುವುದು ಕಂದಾಯ ಇಲಾಖೆ, ಪಂಚಾಯಿತಿ ಮೆಂಬರ್ ಅಲ್ಲ. ಅಜ್ಜಿ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. "ಸರ್ಕಾರದ್ದೇ ಕಣವ್ವ. ಆದ್ರೆ ಸರ್ಕಾರ ಬಂದು ನನ್ನ ಗಾಡಿ ಮೇಲೆ ಕೂರಿಸ್ಕೊಂಡು ಹೋಗ್ಲಿಲ್ವಲ್ಲ. ಅವನಿಗೆ ವಾಪಸ್ ಕೊಡಾಕೆ ನನ್ನತ್ರ ಓಟು ಬಿಟ್ರೆ ಇನ್ನೇನೈತೆ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ.

ಬೆಂಗಳೂರಲ್ಲಿ ಇದ್ದಾಗ ಹಳ್ಳಿ ಎಲೆಕ್ಷನ್ ಅಂದರೆ ಜಾತಿ, ಹೆಂಡ, ದುಡ್ಡು ಅಂತ ಮಾತಾಡಿಕೊಳ್ಳುತ್ತಿದ್ದೆವು. ಮೂರೂ ಇವೆ, ಇಲ್ಲ ಅಂದರೆ ಸುಳ್ಳು. ಆದರೆ ಅಜ್ಜಿಯ ಓಟನ್ನು ಈ ಮೂರರಲ್ಲಿ ಯಾವುದಕ್ಕೂ ಸೇರಿಸಲು ಆಗುವುದಿಲ್ಲ. ಅವರು ದುಡ್ಡು ತಗೊಂಡಿಲ್ಲ. ಆ ಗಂಡ ಅವರ ಜಾತಿಯವನೂ ಅಲ್ಲ. ಅವರು ತೀರಿಸುತ್ತಿದ್ದದ್ದು ಒಂದು ಋಣ. ಅದೂ ಬಹಳ ಮರ್ಯಾದೆಯಿಂದ, ನನಗೆ ಮೋಸ ಮಾಡದೆ, ಮುಖದ ಮೇಲೇ ಹೇಳಿ. ಒಂದು ಹಾಳೆಯಲ್ಲಿ ನಾಲ್ಕು ಸಾಲು ಅಚ್ಚು ಹಾಕಿಸಿಕೊಂಡು ಹೋದ ನಾನು ಅದಕ್ಕಿಂತ ದೊಡ್ಡದು ಏನು ಕೊಟ್ಟಿದ್ದೆ?

ಆದರೆ ಇದರ ಇನ್ನೊಂದು ಮುಖ ನೋಡಿ. ಮನೆ ಯಾರಿಗೆ ಸಿಗಬೇಕು ಅಂತ ಫಲಾನುಭವಿಗಳನ್ನು ಆರಿಸುವುದು ಗ್ರಾಮಸಭೆ. ಕಾನೂನು ಹೇಳುವುದು ಹಾಗೆ. ವಾರ್ಡ್ ಸಭೆಯಲ್ಲಿ ಹೆಸರು ಬರಬೇಕು, ಗ್ರಾಮಸಭೆಯಲ್ಲಿ ಎಲ್ಲರ ಮುಂದೆ ಓದಿ ಒಪ್ಪಬೇಕು. ಹಾಗೆ ನಡೆದರೆ ಮನೆ ಸಿಕ್ಕವರು ಯಾರಿಗೂ ತಲೆ ಬಗ್ಗಿಸಬೇಕಾಗಿಲ್ಲ. ಸಭೆ ಸರಿಯಾಗಿ ನಡೆಯದಿದ್ದರೆ ಮಾತ್ರ ಮೆಂಬರ್ "ನಾನು ಬರೆಸಿಕೊಟ್ಟೆ" ಅನ್ನಬಹುದು. ಇ-ಖಾತೆ ಅರ್ಜಿ ಕೊಟ್ಟ ತಕ್ಷಣ ಆಗಿಬಿಟ್ಟರೆ ಮೆಂಬರ್ ಹತ್ತಿರ ಯಾರು ಹೋಗುತ್ತಾರೆ? ಕೆಲಸ ಸುಲಭವಾಗಿ ಆಗದೇ ಇರುವುದರಲ್ಲೇ ಮೆಂಬರ್‌ಗೆ ಬೆಲೆ. ಇದನ್ನು ಯಾರೋ ಕೂತು ಪ್ಲಾನ್ ಮಾಡಿದ್ದು ಅಂತ ನಾನು ಹೇಳುತ್ತಿಲ್ಲ. ಅಜ್ಜಿಯನ್ನು ಗಾಡಿಯಲ್ಲಿ ಕರೆದುಕೊಂಡು ಹೋದವನು ನಿಜವಾಗಲೂ ಒಳ್ಳೆಯ ಕೆಲಸ ಮಾಡಿದ. ಆದರೆ ಅಜ್ಜಿಯ ಹಕ್ಕು ದಾರಿಯಲ್ಲಿ ಎಲ್ಲೋ ಅವನ ಉಪಕಾರವಾಗಿ ಬದಲಾಯಿತು.

ಮತ್ತೆ ನೀರಿನ ಘಟಕ? ಅದು ಎಲ್ಲರದು. ಎಲ್ಲರದ್ದು ಅಂದರೆ ಅದಕ್ಕೆ ಯಾರೂ ಋಣಿಯಲ್ಲ. ನಾನು ರಿಪೇರಿ ಮಾಡಿಸಿದರೂ, ಐದು ರೂಪಾಯಿ ಹಾಕಿ ನೀರು ಹಿಡಿಯುವವನಿಗೆ ನನಗೆ ಓಟು ಹಾಕಬೇಕು ಅಂತ ಯಾಕೆ ಅನಿಸಬೇಕು? ಚರಂಡಿಗೂ ಹಾಗೆ, ಬೀದಿ ದೀಪಕ್ಕೂ ಹಾಗೆ, ಲೆಕ್ಕದ ಬೋರ್ಡಿಗಂತೂ ಕೇಳಲೇಬೇಡಿ. ನನ್ನ ಕರಪತ್ರದಲ್ಲಿ ಇದ್ದದ್ದೆಲ್ಲ ಇಂಥವೇ.

ಬೆಂಗಳೂರು ಓಟು

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪ್ರತಿ ಮನೆಯಲ್ಲೂ ಒಬ್ಬಿಬ್ಬರು ಪೀಣ್ಯದಲ್ಲೋ ನೆಲಮಂಗಲದಲ್ಲೋ ಇರುತ್ತಾರೆ. ಓಟು ಮಾತ್ರ ಊರಲ್ಲಿ. ಎಂಎಲ್‌ಎ ಎಲೆಕ್ಷನ್‌ಗೆ ಬರದಿದ್ದರೂ ನಡೆಯುತ್ತದೆ, ಪಂಚಾಯಿತಿಗೆ ಬರಲೇಬೇಕು. ಇಲ್ಲಿ ಒಂದೊಂದು ಓಟೂ ಲೆಕ್ಕ. ಹಾಗಾಗಿ ಅಭ್ಯರ್ಥಿಗಳು ಗಾಡಿ ಮಾಡಿ ಕಳಿಸುತ್ತಾರೆ. 2015ರಲ್ಲಿ ನಾವೂ ಹಾಗೇ ಯಾರೋ ಕಳಿಸಿದ ಗಾಡಿಯಲ್ಲಿ ಬಂದು, ದಾರಿಯಲ್ಲಿ ಇಡ್ಲಿ ತಿಂದು, ಓಟು ಹಾಕಿ, ಅತ್ತೆ ಕೊಟ್ಟ ತೆಂಗಿನಕಾಯಿ ಕಟ್ಟಿಕೊಂಡು ವಾಪಸ್ ಹೋಗಿದ್ದೆವು. ಗಾಡಿ ಕಳಿಸಿದವರಿಗೇ ಹಾಕಿದ್ದೆವು ಕೂಡ. ಅವರು ಗೆದ್ದು ಏನು ಮಾಡಿದರು ಅಂತ ಐದು ವರ್ಷ ಕೇಳಲಿಲ್ಲ, ನಾವು ಅಲ್ಲಿ ಇರಲಿಲ್ಲವಲ್ಲ.

ಈ ಸಲ ನಾನು ಗಾಡಿ ಕಳಿಸಲಿಲ್ಲ. ತತ್ವ ಅಂತೇನಲ್ಲ, ಅಷ್ಟು ದುಡ್ಡು ಇರಲಿಲ್ಲ. ಫೋನ್ ಮಾಡಿ ಬನ್ನಿ ಅಂದೆ. "ಬರ್ತೀವಿ ಅಕ್ಕ, ಹೆಂಗೂ ಗಾಡಿ ಬರ್ತೈತಲ್ಲ" ಅಂದರು. ಯಾರ ಗಾಡಿ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಎಣಿಕೆ

ಡಿಸೆಂಬರ್ 30ರಂದು ಎಣಿಕೆ. ತಾಲ್ಲೂಕಿನ ಕಾಲೇಜಿನಲ್ಲಿ ಟೇಬಲ್ ಹಾಕಿದ್ದರು. ಆ ಸಲ ಬೀದರ್ ಜಿಲ್ಲೆಯಲ್ಲಿ ಮಾತ್ರ ಮತಯಂತ್ರ, ಉಳಿದ ಕಡೆ ಮತಪತ್ರ. ಮತಪತ್ರ ಎಣಿಸುವುದು ಅಂದರೆ ಸಣ್ಣ ಕೆಲಸ ಅಲ್ಲ. ಒಂದೊಂದನ್ನೂ ಬಿಚ್ಚಬೇಕು, ಮೊಹರು ಎಲ್ಲಿ ಬಿದ್ದಿದೆ ನೋಡಬೇಕು, ಎರಡು ಗುರುತಿನ ಮಧ್ಯದ ಗೆರೆ ಮೇಲೆ ಬಿದ್ದಿದ್ದರೆ ಜಗಳ. ನಮ್ಮ ಪಂಚಾಯಿತಿ ಸರದಿ ಬರುವಷ್ಟರಲ್ಲಿ ರಾತ್ರಿಯಾಗಿತ್ತು. ಹೊರಗೆ ಬೇರೆ ಬೇರೆ ಊರಿನವರು ಪಟಾಕಿ ಹೊಡೆಯುತ್ತಿದ್ದರು, ಹಾರ ಮಾರುವವರು ಗೇಟಿನ ಹತ್ತಿರವೇ ಬುಟ್ಟಿ ಇಟ್ಟಿದ್ದರು. ಗೆದ್ದವರ ಮುಖ ನೋಡಿ ರೇಟು ಹೇಳುತ್ತಿದ್ದರು ಅಂತ ನನ್ನ ಅನುಮಾನ.

ನಮ್ಮನೆಯವರ ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು. ಅದರಲ್ಲಿ ವಾರ್ಡಿನ ಎಲ್ಲ ಮತದಾರರ ಹೆಸರು. ಪಕ್ಕದಲ್ಲಿ ಮೂರು ಥರ ಗುರುತು. ನಮ್ಮದು, ಅವರದು, ಅನುಮಾನ. ಗೆಲ್ಲುವುದಕ್ಕೆ ನಮ್ಮದು ಅಂತ ಬರೆದಿದ್ದೇ ಸಾಕಾಗಿತ್ತು, ಅನುಮಾನದ ಪಟ್ಟಿ ಬೇಕಾಗಿಯೇ ಇರಲಿಲ್ಲ. (ಬಹಳ ದಿನ ಆದ ಮೇಲೆ, ಒಂದು ಮದುವೆಮನೆಯಲ್ಲಿ ಗೆದ್ದಾಕೆ ಪಕ್ಕದಲ್ಲೇ ಊಟಕ್ಕೆ ಕೂತಾಗ ಗೊತ್ತಾಯಿತು, ಅವರ ಮನೆಯಲ್ಲೂ ಇಂಥದೇ ಪುಸ್ತಕ ಇತ್ತಂತೆ. ಇಬ್ಬರ ಗ್ಯಾರಂಟಿ ಓಟು ಕೂಡಿಸಿದರೆ ವಾರ್ಡಿನಲ್ಲಿ ಇರುವ ಜನಕ್ಕಿಂತ ಜಾಸ್ತಿ ಆಗುತ್ತಿತ್ತು. ಇಬ್ಬರೂ ಹೋಳಿಗೆ ತಿನ್ನುತ್ತಾ ನಕ್ಕೆವು.)

ಎಣಿಕೆಯ ಮಧ್ಯೆ ಒಂದು ಮತಪತ್ರ ಬಂತು. ನಮ್ಮ ವಾರ್ಡಿಗೆ ಮೂರು ಸ್ಥಾನ, ಹಾಗಾಗಿ ಒಬ್ಬೊಬ್ಬ ಮತದಾರರೂ ಮೂರು ಓಟು ಹಾಕಬಹುದು. ಈ ಮತಪತ್ರದಲ್ಲಿ ಅದರ ಮೇಲಿದ್ದ ಪ್ರತಿಯೊಬ್ಬರಿಗೂ ಮೊಹರು. ಹೊಲಿಗೆ ಯಂತ್ರಕ್ಕೆ, ಆಟೋಗೆ, ಗ್ಯಾಸ್ ಸಿಲಿಂಡರಿಗೆ, ಟಿವಿಗೆ, ಬ್ಯಾಟಿಗೆ, ಒಬ್ಬರನ್ನೂ ಬಿಟ್ಟಿಲ್ಲ. ಅದೂ ಚೌಕದ ಒಳಗೆ, ನೀಟಾಗಿ, ಸಾಲಾಗಿ. ತಿರಸ್ಕೃತ. ಅಧಿಕಾರಿ ಅದನ್ನು ಎತ್ತಿ ಎಲ್ಲ ಏಜೆಂಟರಿಗೂ ತೋರಿಸಿದರು. ಎಲ್ಲರೂ ನಕ್ಕರು, ಓದಲು ಬಾರದವರು ಯಾರೋ ಅಂದರು. ನನಗೆ ಹಾಗನಿಸಲಿಲ್ಲ. ಅಷ್ಟು ಜೋಪಾನವಾಗಿ ಮೊಹರು ಹಾಕಿದ ಕೈ ಗೊತ್ತಿಲ್ಲದ್ದಲ್ಲ. ಇದು ಬಾಗಿಲಿಗೆ ಬಂದ ಪ್ರತಿಯೊಬ್ಬರಿಗೂ "ನಿಮಗೇ" ಅಂದುಬಿಟ್ಟ ಯಾರೋ ಪುಣ್ಯಾತ್ಮ, ಒಬ್ಬರಿಗೂ ಮಾತು ತಪ್ಪಬಾರದು ಅಂತ ಹಾಕಿದ ಓಟು. ಆವತ್ತು ಎಣಿಸಿದ ಮತಪತ್ರಗಳಲ್ಲಿ ನನಗೆ ಚೆನ್ನಾಗಿ ನೆನಪಿರುವುದು ಅದೊಂದೇ.

ನಾನು ಸೋತೆ. ಒಂದು ಟೆಂಪೋ ಟ್ರಾವೆಲರ್‌ನಲ್ಲಿ ಕೂರಬಹುದಾದಷ್ಟು ಓಟಿನಿಂದ.

ಆಮೇಲೆ

ಸೋಲಿಗಿಂತ ಕಷ್ಟವಾಗಿದ್ದು ಆ ನೋಟ್‌ಬುಕ್ಕು. ಎಣಿಕೆ ಮುಗಿದ ಮೇಲೆ ಅದನ್ನು ಹರಿದು ಹಾಕಿದೆವು, ಆದರೆ ಹೆಸರುಗಳು ತಲೆಯಲ್ಲಿ ಉಳಿದವು. ಡೈರಿಗೆ ಹಾಲು ಹಾಕಲು ಹೋದರೆ ಸಾಲಿನಲ್ಲಿ ನಿಂತವರನ್ನು ನೋಡಿ ಮನಸ್ಸು ತಾನಾಗೇ ಲೆಕ್ಕ ಹಾಕುತ್ತಿತ್ತು. ಇವರು ಹಾಕಿದ್ದಾರೆ. ಇವರು ಹಾಕಿಲ್ಲ. ಇವರು ಕೈ ಹಿಡಿದು ಆಣೆ ಮಾಡಿದ್ದರು, ಆದರೆ ಮಗ ಬಂದಿದ್ದು ಅವರ ಗಾಡಿಯಲ್ಲಿ. ಅವರಿಗೂ ಕಸಿವಿಸಿ. ಓಟು ಹಾಕದವರು ಜಾಸ್ತಿ ನಗುತ್ತಾ ಮಾತಾಡಿಸುತ್ತಿದ್ದರು, ಹಾಕಿದವರು ಏನೋ ತಾವೇ ತಪ್ಪು ಮಾಡಿದ ಹಾಗೆ ಸುಮ್ನೆ ಹೋಗುತ್ತಿದ್ದರು. ಎಂಎಲ್‌ಎ ಎಲೆಕ್ಷನ್‌ನಲ್ಲಿ ಸೋತವನಿಗೆ ತನ್ನನ್ನು ಬೇಡ ಅಂದವರ ಮುಖ ಗೊತ್ತಿರುವುದಿಲ್ಲ. ಇಲ್ಲಿ ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಎದುರಿಗೇ ಅವರು, ರಂಗೋಲಿ ಹಾಕುತ್ತಿರುತ್ತಾರೆ. ಖರ್ಚು ಎಷ್ಟಾಯ್ತು ಅಂತ ಕೇಳುವವರಿಗೆ ನಾನು ಇದನ್ನು ಹೇಳಬೇಕು ಅಂದುಕೊಳ್ಳುತ್ತೇನೆ. ಬಸ್ಸಿನಲ್ಲಿ ಹೇಳುವ ಮಾತಲ್ಲ ಅಂತ ಪೆಟ್ರೋಲಿನ ಲೆಕ್ಕ ಹೇಳಿ ಸುಮ್ಮನಾಗುತ್ತೇನೆ.

ಅಜ್ಜಿಯ ಹತ್ತಿರ ಮಾತ್ರ ಈ ಕಸಿವಿಸಿ ಯಾವತ್ತೂ ಇರಲಿಲ್ಲ. ಅವರು ಮೊದಲೇ ಹೇಳಿಬಿಟ್ಟಿದ್ದರಲ್ಲ.

ಈಗ ಗ್ರಾಮಸಭೆಗೆ ಹೋಗುತ್ತೇನೆ. ಅದಕ್ಕೆ ಮೆಂಬರ್ ಆಗಿರಬೇಕಾಗಿಲ್ಲ, ಓಟರ್ ಆಗಿದ್ದರೆ ಸಾಕು. ಇದು ಎಲೆಕ್ಷನ್‌ಗೆ ನಿಲ್ಲುವ ಮೊದಲೇ ಗೊತ್ತಿತ್ತು, ಆದರೆ ಆಗ ಹೋಗುತ್ತಿರಲಿಲ್ಲ. ಒಂದು ಸಲ ಮನೆಗಳ ಪಟ್ಟಿ ಬಂದಾಗ ಹೆಸರು ಎಲ್ಲ ಜೋರಾಗಿ ಓದಿ ಅಂತ ಕೇಳಿದೆ. ಪಿಡಿಒ ಓದಿದರು. ಓದುತ್ತಾ ಹೋದ ಹಾಗೆ ಹಿಂದಿನಿಂದ ಒಬ್ಬರು, "ಅವರಿಗೆ ಆಗ್ಲೇ ಒಂದು ಮನೆ ಬಂದೈತಲ್ಲ" ಅಂದರು. ಇನ್ನೊಬ್ಬರು ಎದ್ದರು. ಸ್ವಲ್ಪ ಗಲಾಟೆಯಾಯಿತು. ಎರಡು ಹೆಸರು ಬದಲಾದವು. ಹೊಸದಾಗಿ ಹೆಸರು ಬಂದವರು ಯಾರಿಗೆ ಕೈಮುಗಿಯಬೇಕು ಅಂತ ಗೊತ್ತಾಗದೆ ಪಿಡಿಒಗೆ ಮುಗಿದರು, ಮೆಂಬರ್‌ಗೆ ಮುಗಿದರು, ಕೊನೆಗೆ ನನಗೂ ಮುಗಿದರು. ನಾನು ಏನೂ ಮಾಡಿರಲಿಲ್ಲ, ಜೋರಾಗಿ ಓದಿ ಅಂದಿದ್ದೆ ಅಷ್ಟೇ. ಹೊರಗೆ ಬರುವಾಗ ಇಬ್ಬರು ಮಾತಾಡಿಕೊಂಡಿದ್ದು ಕಿವಿಗೆ ಬಿತ್ತು. "ಮುಂದಿನ ಸಲಕ್ಕೆ ರೆಡಿ ಆಗ್ತಾವ್ಳೆ ಕಣ್ಲಾ."

ಆಗ್ತಿದ್ದೀನಾ? ಗೊತ್ತಿಲ್ಲ. ಸೀಟು ಯಾವ ವರ್ಗಕ್ಕೆ ಬರುತ್ತದೋ ನೋಡಬೇಕು. ಸಾಮಾನ್ಯ ಅಂತ ಬಂದರೆ ಹೆಂಗಸರೂ ನಿಲ್ಲಬಹುದು, ಕಾನೂನಿನಲ್ಲಿ ಅಡ್ಡಿಯಿಲ್ಲ. ಕಟ್ಟೆಯ ಮೇಲಿನ ಮಾವನಿಗೆ ಅದನ್ನು ಹೇಳಿದಾಗ, "ಅದು ಲೇಡೀಸ್ ಸೀಟ್ ಅಲ್ವಲ್ಲಮ್ಮ" ಅಂದರು. "ಜೆಂಟ್ಸ್ ಸೀಟೂ ಅಲ್ಲ ಮಾವ" ಅಂದೆ. ಅವರು ಇನ್ನೂ ಯೋಚನೆ ಮಾಡುತ್ತಿದ್ದಾರೆ.

ಅಷ್ಟರೊಳಗೆ ಒಂದು ಕೆಲಸ ಇದೆ. ನಮ್ಮ ವಾರ್ಡಿನ ಓಟರ್ ಲಿಸ್ಟ್ ತೆಗೆದು ನೋಡಿದರೆ ತೀರಿಕೊಂಡವರ ಹೆಸರು ಇನ್ನೂ ಬೇಕಾದಷ್ಟಿವೆ, ಮದುವೆಯಾಗಿ ಬಂದ ಸೊಸೆಯರ ಹೆಸರು ಇಲ್ಲ. ತೆಗೆಸುವುದಕ್ಕೆ ಫಾರಂ 7, ಹೊಸದಾಗಿ ಸೇರಿಸುವುದಕ್ಕೆ ಫಾರಂ 6, ತವರಲ್ಲಿ ಓಟು ಇದ್ದವರು ಇಲ್ಲಿಗೆ ಬದಲಾಯಿಸಿಕೊಳ್ಳುವುದಕ್ಕೆ ಫಾರಂ 8. ಮೂರನ್ನೂ ಜೆರಾಕ್ಸ್ ಮಾಡಿಸಿ ತಂದಿದ್ದೇನೆ. ಯಾರಿಗಾದರೂ ಬೇಕಿದ್ದರೆ ಸಂಜೆ ಹೊತ್ತು ಮನೆ ಕಡೆ ಬನ್ನಿ, ಆಧಾರ್ ಕಾರ್ಡ್ ಮರೆಯದೆ ತನ್ನಿ.